ದೀಪ ಆರಿಸಿದರೆ ದೋಷ ಆರದು



ಈ ಸಲದ ಬರಹ ತುಸು ಖಾರವಾಗಿದೆ. ನಿಮ್ಮಲ್ಲಿ ಕೆಲವರಿಗೆ ನೇರವಾಗಿ ತಾಗಲೂಬಹುದು. ತಾಗಲೆಂದೇ ಬರೆದಿದ್ದೇನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಮ್ಮ ಸೀಮೆಯಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಬಗೆಯ ರಿಪೇರಿ ಹುಟ್ಟಿಕೊಂಡಿದೆ. ಅದಕ್ಕೆ ಪಾನಾ ಬೇಡ, ಸ್ಕ್ರೂಡ್ರೈವರ್ ಬೇಡ, ಬಾನೆಟ್ ಎತ್ತುವುದೂ ಬೇಡ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಬೆಂಕಿಪೆಟ್ಟಿಗೆಯಷ್ಟಿರುವ ಒಂದು ಸಾಧನ ಚುಚ್ಚಿ, ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ಡ್ಯಾಶ್‌ಬೋರ್ಡಿನ ಮೇಲೆ ಉರಿಯುತ್ತಿದ್ದ ಹಳದಿ ಬಣ್ಣದ ಎಂಜಿನ್ ದೀಪ ಆರಿಹೋಗುತ್ತದೆ. ಮಾಲೀಕ ನೂರೋ ಇನ್ನೂರೋ ಕೊಟ್ಟು, ಚಹಾ ಕುಡಿದು, ಸಮಾಧಾನದಿಂದ ಮನೆಗೆ ಹೋಗುತ್ತಾನೆ. ಇದಕ್ಕೆ ನಮ್ಮವರು ಇಟ್ಟಿರುವ ಹೆಸರು ‘ಲೈಟ್ ತೆಗೆಸುವುದು’. ಏನು ಕೆಟ್ಟಿತ್ತು ಎಂದು ಯಾರೂ ಕೇಳುವುದಿಲ್ಲ. ಯಾರೂ ಹೇಳುವುದೂ ಇಲ್ಲ. ದೋಷ ಇದ್ದಲ್ಲಿಯೇ ಇರುತ್ತದೆ. ಹೋಗಿದ್ದು ದೋಷದ ಸುದ್ದಿ ಮಾತ್ರ.

ಇದು ರಿಪೇರಿಯಲ್ಲ, ಸಾಕ್ಷಿಯ ಬಾಯಿ ಮುಚ್ಚಿಸುವ ಕೆಲಸ ಎಂಬುದೇ ನನ್ನ ವಾದ. ಮಾಡುವವನಷ್ಟೇ ಮಾಡಿಸುವವನೂ ಇದಕ್ಕೆ ಹೊಣೆ.

ಮೊದಲು ಆ ದೀಪ ಏನೆಂಬುದನ್ನು ತಿಳಿಯೋಣ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಎಂಜಿನ್ನಿನ ಆರೋಗ್ಯವನ್ನು ಮಿಸ್ತ್ರಿ ಕಿವಿಗೊಟ್ಟು ಕೇಳಿ, ಹೊಗೆಯ ಬಣ್ಣ ನೋಡಿ, ಪ್ಲಗ್ ಬಿಚ್ಚಿ ಅದರ ಮಸಿ ನೋಡಿ ಹೇಳುತ್ತಿದ್ದ. ಇಂದಿನ ಎಂಜಿನ್ನಿನಲ್ಲಿ ಆ ಕೆಲಸವನ್ನು ಒಂದು ಪುಟ್ಟ ಕಂಪ್ಯೂಟರ್ ಮಾಡುತ್ತದೆ. ಒಳಬರುವ ಗಾಳಿ ಎಷ್ಟು, ನೀರಿನ ಉಷ್ಣತೆ ಎಷ್ಟು, ಹೊರಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ಹಲವು ಸೆನ್ಸರುಗಳು ಕ್ಷಣಕ್ಷಣವೂ ಅಳೆದು ಅದಕ್ಕೆ ತಿಳಿಸುತ್ತಿರುತ್ತವೆ. ಹೊಗೆಯ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರನ್ನು ಜರ್ಮನಿಯ ಬಾಷ್ ಕಂಪನಿ ಸಿದ್ಧಪಡಿಸಿ, 1976ರಲ್ಲಿ ಮೊದಲಿಗೆ ವೋಲ್ವೊ ಕಾರುಗಳಿಗೆ ಒದಗಿಸಿತು. ಹೊಗೆಯಿಂದ ಕಂಗೆಟ್ಟಿದ್ದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1988ರ ಮಾದರಿಗಳಿಂದ ಕಾರು ತನ್ನ ದೋಷವನ್ನು ತಾನೇ ಪತ್ತೆಮಾಡಿ ಚಾಲಕನಿಗೆ ತಿಳಿಸಬೇಕೆಂದು ವಿಧಿಸಿತು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ ಬಗೆಯ ಸಾಕೆಟ್ಟು, ಒಂದೇ ಬಗೆಯ ಕೋಡುಗಳು ಕಡ್ಡಾಯವಾದವು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 4ರ ಕಾರುಗಳಿಗೆ 2010ರಿಂದ ಇದರ ಮೊದಲ ಹಂತವೂ 2013ರಿಂದ ಎರಡನೆಯ ಹಂತವೂ ಬಂದವು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ದೇಶಾದ್ಯಂತ ಜಾರಿಯಾದ ಮೇಲೆ ಈ ಕಾವಲು ಇನ್ನಷ್ಟು ಬಿಗಿಯಾಯಿತು.

ಅಂದರೆ ಈ ದೀಪ ಕಂಪನಿಯವರು ಶೋಕಿಗಾಗಿ ಇಟ್ಟದ್ದಲ್ಲ. ಮನುಷ್ಯ ಉಸಿರಾಡುವ ಗಾಳಿಯನ್ನು ಉಳಿಸಲು ಕಾನೂನು ಇರಿಸಿದ ಕಾವಲುಗಾರ ಅದು. ಕಿತ್ತೂರ ಕೋಟೆಯ ಬುರುಜಿನ ಮೇಲಿನ ಕಾವಲುಗಾರ ವೈರಿ ಬಂದನೆಂದು ಕೂಗಿದಾಗ, ‘ನಿದ್ದೆಗೆಡಿಸಬೇಡ’ ಎಂದು ಅವನ ಬಾಯಿಗೆ ಬಟ್ಟೆ ತುರುಕುವವರನ್ನು ನಾವು ಏನೆಂದು ಕರೆಯುತ್ತೇವೆ?

ದೀಪ ಹತ್ತಿದಾಗ ಕಂಪ್ಯೂಟರ್ ತನ್ನ ನೆನಪಿನಲ್ಲಿ ಒಂದು ಅಕ್ಷರ ಮತ್ತು ನಾಲ್ಕು ಸ್ಥಾನಗಳ ಸಂಖ್ಯೆಯ ಕೋಡೊಂದನ್ನು ಬರೆದಿಡುತ್ತದೆ. ‘ಪಿ’ ಎಂದು ಶುರುವಾದರೆ ಎಂಜಿನ್ ಮತ್ತು ಗೇರಿನ ವಿಭಾಗಕ್ಕೆ ಸೇರಿದ್ದು. ಪಿ 0301 ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಪಿ 0171 ಎಂದರೆ ಗಾಳಿಯ ಪ್ರಮಾಣಕ್ಕೆ ಇಂಧನ ಸಾಲುತ್ತಿಲ್ಲ. ಪಿ 0420 ಎಂದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತಕ್ಕಷ್ಟು ಕೆಲಸ ಮಾಡುತ್ತಿರುವಂತೆ ಕಾಣುತ್ತಿಲ್ಲ. ಇಷ್ಟೇ ಅಲ್ಲ. ದೋಷ ಕಂಡ ಆ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿತ್ತು, ಎಷ್ಟು ಕಾದಿತ್ತು ಎಂಬ ವಿವರವನ್ನೂ ಒಂದು ಛಾಯಾಚಿತ್ರದಂತೆ ಹಿಡಿದಿಡುತ್ತದೆ. ಅನುಭವಿ ಮಿಸ್ತ್ರಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಗುಂಡಿ ಒತ್ತಿ ಅಳಿಸಿದೊಡನೆ ಈ ಎಲ್ಲವೂ ಅಳಿಯುತ್ತದೆ. ಕೋಡು ಹೋಯಿತು, ಛಾಯಾಚಿತ್ರ ಹೋಯಿತು, ಕಂಪ್ಯೂಟರ್ ನಡೆಸಿ ಮುಗಿಸಿದ್ದ ಸ್ವಯಂಪರೀಕ್ಷೆಗಳ ಫಲಿತಾಂಶವೂ ಹೋಯಿತು. ಅದು ಮತ್ತೆ ಮೊದಲಿನಿಂದ ಕಾರನ್ನು ಓಡಿಸಿ ನೋಡಿಯೇ ದೋಷವನ್ನು ಕಂಡುಹಿಡಿಯಬೇಕು. ಆ ಎರಡು ಮೂರು ದಿನಗಳ ಮೌನವನ್ನೇ ನಮ್ಮವರು ‘ರಿಪೇರಿ ಆಯಿತು’ ಎಂದು ತಿಳಿಯುತ್ತಾರೆ. ನನ್ನ ಅಧ್ಯಾಪಕ ವೃತ್ತಿಯಲ್ಲಿ, ಪ್ರಗತಿಪತ್ರದಲ್ಲಿ ಕೆಂಪು ಶಾಯಿಯಿಂದ ಬರೆದ ಗಣಿತದ ಅಂಕವನ್ನು ರಬ್ಬರಿನಿಂದ ಉಜ್ಜಿ ಅಪ್ಪನ ಸಹಿ ಮಾಡಿಸಿಕೊಂಡು ಬಂದ ಹುಡುಗರನ್ನು ಕಂಡಿದ್ದೇನೆ. ಅವರಿಗೆ ಹದಿಮೂರು ವರ್ಷ, ಕ್ಷಮಿಸಬಹುದು. ನಲವತ್ತರ ಗೃಹಸ್ಥರು ದುಡ್ಡು ಕೊಟ್ಟು ಇದೇ ಕೆಲಸ ಮಾಡಿಸಿದರೆ ಏನೆನ್ನಬೇಕು?

ಇದು ಬರಿಯ ತತ್ತ್ವದ ಮಾತಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ (ಹೆಸರು ಬೇಡ, ಊರೂ ಬೇಡ) ಸಾಲ ಮಾಡಿ ಒಂದು ಪೆಟ್ರೋಲ್ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಾನೆ. ಎಲ್ಲಮ್ಮನ ಗುಡ್ಡದ ಭಕ್ತರೇ ಅವನ ಅನ್ನದಾತರು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ದಿನಗಳಲ್ಲಿ ಅವನಿಗೆ ಬಿಡುವೇ ಇಲ್ಲ. ಒಂದು ಮದುವೆಯಲ್ಲಿ ಸಿಕ್ಕಾಗ ಮುಖ ಬಾಡಿತ್ತು. “ಲೈಟ್ ಬರತಿತ್ರೀ ಸರ, ಮೂರು ಸಲ ತಗಸೀನ್ರಿ. ಈಗ ಗುಡ್ಡಾ ಏರೂವಾಗ ಲೈಟ್ ಮಿಣಕ್ ಮಿಣಕ್ ಅಂತೈತಿ, ಗಾಡಿ ಎಳಿವಲ್ದು” ಎಂದ. “ನಂಬರ್ ಏನಿತ್ತೋ ತಮ್ಮಾ?” ಎಂದು ಕೇಳಿದೆ. “ನಂಬರ್ ಯಾರ ಕೇಳತಾರ್ರೀ ಸರ?” ಎಂದುಬಿಟ್ಟ!

ಧಾರವಾಡಕ್ಕೆ ಒಯ್ದು ತೋರಿಸಿದಾಗ ತಿಳಿದದ್ದು ಇಷ್ಟು. ಮೊದಲನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲ್ ಕೆಟ್ಟಿತ್ತು. ಎರಡು ಸಾವಿರ ರೂಪಾಯಿಯ ಆಸುಪಾಸಿನ ಕೆಲಸ. ಮೊದಲ ಸಲ ದೀಪ ಹತ್ತಿದಾಗಲೇ ಕೋಡು ಓದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮೂರು ಸಲ ಅಳಿಸಿ ಅಳಿಸಿ ಓಡಿಸಿದ್ದರಿಂದ, ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಹಾಗೆಯೇ ಹೊರಬಂದು ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಅದರ ಜೇನುಗೂಡಿನಂಥ ಒಳಭಾಗವನ್ನೇ ಕರಗಿಸಿ ಹೊಗೆಯ ದಾರಿ ಕಟ್ಟಿತ್ತು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಬೆಲೆಬಾಳುವ ಲೋಹಗಳ ಲೇಪವಿರುವ ಆ ಭಾಗದ ಬೆಲೆ ಹತ್ತಾರು ಸಾವಿರ. ಜಾತ್ರೆಯ ದಿನಗಳಲ್ಲಿ ಕಾರು ಗ್ಯಾರೇಜಿನಲ್ಲಿ ನಿಂತಿತು. ಬ್ಯಾಂಕಿನ ಕಂತು ನಿಂತಿತು. ಮಗಳ ಕಾಲೇಜಿನ ಫೀ ತುಂಬಲು ಹೆಂಡತಿಯ ಬೋರಮಾಳ ಅಡವು ಹೋಯಿತು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೊಡಲಿಯ ಏಟು ಬಿದ್ದದ್ದು ಕಾರಿಗಲ್ಲ, ಸಂಸಾರಕ್ಕೆ.

ಇಷ್ಟು ಹೇಳಿದರೂ ವಾದಿಸುವವರು ಇದ್ದೇ ಇದ್ದಾರೆ. ‘ದೀಪ ಹತ್ತಿದರೂ ಗಾಡಿ ಓಡುತ್ತದಲ್ಲ’ ಎಂಬುದು ಅವರ ಮೊದಲ ವಾದ. ಓಡುತ್ತದೆ, ನಿಜ. ಸೆನ್ಸರೊಂದು ಕೈಕೊಟ್ಟಾಗ ಕಂಪ್ಯೂಟರ್ ಒಂದು ಅಂದಾಜಿನ ಲೆಕ್ಕ ಹಿಡಿದು ಎಂಜಿನ್ನನ್ನು ನಡೆಸುತ್ತದೆ. ಕೆಲವೊಮ್ಮೆ ಶಕ್ತಿಯನ್ನೂ ಇಳಿಸಿಬಿಡುತ್ತದೆ. ಅದು ನಿಮ್ಮನ್ನು ಗ್ಯಾರೇಜಿನವರೆಗೆ ಮುಟ್ಟಿಸಲು ಮಾಡಿದ ಉಪಕಾರವೇ ಹೊರತು ಇನ್ನೂ ಆರು ತಿಂಗಳು ಓಡಿಸಿರೆಂಬ ಅಪ್ಪಣೆಯಲ್ಲ. ‘ಬರೀ ಸೆನ್ಸರ್ ಕೆಟ್ಟಿದೆ, ಎಂಜಿನ್ ಚೆನ್ನಾಗಿದೆ’ ಎಂಬುದು ಎರಡನೆಯ ವಾದ. ಹಾಗಿದ್ದರೆ ಸೆನ್ಸರನ್ನೇ ಸರಿಮಾಡಿಸಿ! ನಮ್ಮ ಹಳ್ಳಿಗಳಲ್ಲಿ ಇಲಿ ವೈರು ಕಡಿದು ದೀಪ ಹತ್ತುವುದು ಸಾಮಾನ್ಯ. ಕಡಿದ ವೈರು ಅಳಿಸುವ ಗುಂಡಿಯಿಂದ ಕೂಡಿಕೊಳ್ಳುತ್ತದೆಯೇ?

‘ತಾನಾಗಿಯೇ ಆರಿತು, ಆದ್ದರಿಂದ ಸರಿಹೋಯಿತು’ ಎಂಬುದು ಮೂರನೆಯ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಈ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಸತತ ಮೂರು ಓಡಾಟಗಳಲ್ಲಿ ದೋಷ ಮರುಕಳಿಸದಿದ್ದರೆ ದೀಪ ತಾನೇ ಆರುತ್ತದೆ. ಆದರೆ ಕೋಡು ಕೂಡಲೇ ಅಳಿಯುವುದಿಲ್ಲ. ಎಂಜಿನ್ ಸುಮಾರು ನಲವತ್ತು ಸಲ ತಣ್ಣಗಿದ್ದದ್ದು ಬಿಸಿಯಾಗುವವರೆಗೂ ಅದು ಕಡತದಲ್ಲಿ ಉಳಿದಿರುತ್ತದೆ. ತಾನಾಗಿ ಆರಿದ ದೀಪದ ಹಿಂದೆ ದಾಖಲೆ ಇದೆ, ನಾವು ಆರಿಸಿದ ದೀಪದ ಹಿಂದೆ ಅದಿಲ್ಲ. ವ್ಯತ್ಯಾಸ ಅಲ್ಲಿದೆ.

ಇತ್ತೀಚಿನ ನೆಪವೆಂದರೆ ಎಥೆನಾಲ್. 2025ರ ಹೊತ್ತಿಗೆ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು ದೇಶದೆಲ್ಲೆಡೆ ಬಂದಮೇಲೆ, ಕಬ್ಬು ಬೆಳೆಯುವ ನಮ್ಮ ಸೀಮೆಯಲ್ಲಿಯೇ ಎರಡು ಪಕ್ಷಗಳಾಗಿವೆ. ಹಳದಿ ದೀಪ ಹತ್ತಿದ್ದೆಲ್ಲ ಎಥೆನಾಲಿನಿಂದಲೇ ಎನ್ನುವವರು ಒಂದು ಕಡೆ. ಎಥೆನಾಲಿನಿಂದ ಏನೂ ಆಗದು ಎನ್ನುವವರು ಇನ್ನೊಂದು ಕಡೆ. ಎಥೆನಾಲಿನಲ್ಲಿ ಆಮ್ಲಜನಕವಿರುವುದರಿಂದ ಅದೇ ಪ್ರಮಾಣದ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ಕಂಪ್ಯೂಟರ್ ಅಷ್ಟನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಮಿತಿ ಮೀರಿದರೆ ಕೋಡು ಬರೆಯುತ್ತದೆ. ನಿಮ್ಮ ಕಾರಿನಲ್ಲಿ ಆದದ್ದು ಅದೇ ಹೌದೋ ಅಲ್ಲವೋ ಎಂಬುದನ್ನು ಹೇಳಬಲ್ಲದ್ದು ಆ ಕಡತವೊಂದೇ. ಅದನ್ನು ಅಳಿಸಿದ ಮೇಲೆ ಕಟ್ಟೆಯ ಮೇಲೆ ಕುಳಿತು ವಾದ ಮಾಡಿ ಪ್ರಯೋಜನವೇನು?

ಹಾಗೆಂದು ಕೋಡು ಓದಿದೊಡನೆ ಸತ್ಯ ಸಿಕ್ಕಿತೆಂದೂ ತಿಳಿಯಬಾರದು. ಲೈಟ್ ತೆಗೆಯುವವರ ಎದುರು ತುದಿಯಲ್ಲಿ ಇನ್ನೊಂದು ಜಾತಿಯ ಜನ ಇದ್ದಾರೆ. ಅವರು ಕೋಡಿನಲ್ಲಿ ಯಾವ ಭಾಗದ ಹೆಸರು ಬಂದಿದೆಯೋ ಆ ಭಾಗವನ್ನೇ ಕಿತ್ತು ಹೊಸದು ಹಾಕುತ್ತಾರೆ. ಪಿ 0420 ಬಂದರೆ ಕನ್ವರ್ಟರ್ ಬದಲಿಸಿ ಎನ್ನುತ್ತಾರೆ. ಆದರೆ ಸೈಲೆನ್ಸರ್ ಕೊಳವೆ ಎಲ್ಲಿಯೋ ಸೋರುತ್ತಿದ್ದರೂ, ಆಮ್ಲಜನಕದ ಸೆನ್ಸರ್ ಮುದಿಯಾಗಿದ್ದರೂ ಅದೇ ಕೋಡು ಬರಬಹುದು. ಕೋಡೆಂಬುದು ರೋಗಿ ಹೇಳುವ ‘ಹೊಟ್ಟೆ ನೋಯುತ್ತಿದೆ’ ಎಂಬ ಮಾತಿನಂತೆ. ಆ ಮಾತನ್ನು ಕೇಳದ ವೈದ್ಯ ದಡ್ಡ. ಕೇಳಿದೊಡನೆ ಹೊಟ್ಟೆ ಕೊಯ್ಯುವವನು ಅಪಾಯಕಾರಿ.

ಇನ್ನು ನಮ್ಮ ಊರಿನ ಸಣ್ಣ ಮಿಸ್ತ್ರಿಗಳ ವಿಷಯ. ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟುವುದು ಅನ್ಯಾಯ. ಸಾವಿರ ರೂಪಾಯಿಯ ಸಾಧನ ಸಾಮಾನ್ಯ ಕೋಡುಗಳನ್ನಷ್ಟೇ ಓದುತ್ತದೆ. ಕಂಪನಿಯ ಒಳಗಿನ ಕೋಡುಗಳನ್ನು ಓದಲು, ಪರೀಕ್ಷೆ ನಡೆಸಲು ಬೇಕಾದ ಉಪಕರಣ, ಕೈಪಿಡಿ, ಬಿಡಿಭಾಗಗಳನ್ನು ಕಾರು ಕಂಪನಿಗಳು ತಮ್ಮ ಅಧಿಕೃತ ಕೇಂದ್ರಗಳಿಗೆ ಮಾತ್ರ ಕೊಟ್ಟು ಹೊರಗಿನವರಿಗೆ ಬಾಗಿಲು ಮುಚ್ಚಿದ್ದವು. ಇದು ನನ್ನ ಆರೋಪವಲ್ಲ. ಭಾರತೀಯ ಸ್ಪರ್ಧಾ ಆಯೋಗವು ವಿಚಾರಣೆ ನಡೆಸಿ, 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿತು. ಸ್ವತಂತ್ರ ಗ್ಯಾರೇಜುಗಳಿಗೂ ಬಿಡಿಭಾಗ ಮತ್ತು ಉಪಕರಣಗಳು ಸಿಗುವಂತೆ ಮಾಡಬೇಕೆಂದು ಆದೇಶಿಸಿತು. ಆ ಆದೇಶದ ವಿರುದ್ಧ ಕಂಪನಿಗಳು ಮೇಲ್ಮನವಿಗಳ ದಾರಿ ಹಿಡಿದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆಯಿತು. ಒಳ್ಳೆಯದೇ. ಆದರೆ ರಾಮದುರ್ಗದ ರೈತ ಒಂದು ಕೋಡು ಸರಿಯಾಗಿ ಓದಿಸಲು ಬೆಳಗಾವಿಯವರೆಗೆ ಸುಮಾರು ನೂರು ಕಿಲೋಮೀಟರ್ ಹೋಗಬೇಕಾಗಿ ಬಂದರೆ, ಅವನು ಊರಲ್ಲಿಯೇ ‘ಲೈಟ್ ತೆಗೆಸುವ’ ದಾರಿ ಹಿಡಿಯುವುದರಲ್ಲಿ ಆಶ್ಚರ್ಯವೇನಿದೆ? ಓದಲು ಬಿಡದವರೇ ಅಳಿಸುವವರನ್ನು ಹುಟ್ಟಿಸಿದ್ದಾರೆ.

ಕಂಪನಿಗಳ ನೀತಿಯ ಮಾತು ಬಂದಾಗ 2015ನ್ನು ಮರೆಯಬಾರದು. ಆ ವರ್ಷದ ಸೆಪ್ಟೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದಿತು. ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ಶುದ್ಧಗೊಳಿಸುವ, ರಸ್ತೆಯಲ್ಲಿ ಬೇಕಾದಂತೆ ಬಿಡುವ ತಂತ್ರಾಂಶವನ್ನು ಅದು ಡೀಸೆಲ್ ಕಾರುಗಳಲ್ಲಿ ಇರಿಸಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳು ಹೀಗಿದ್ದವು. ನಮ್ಮಲ್ಲಿ ಲೈಟ್ ತೆಗೆಯುವವನು ಒಂದು ಕಾರಿನ ಕಾವಲುಗಾರನ ಬಾಯಿ ಮುಚ್ಚಿದರೆ, ಅಲ್ಲಿ ಕೋಟಿ ಕಾರುಗಳ ಕಾವಲುಗಾರನಿಗೆ ಹುಟ್ಟಿನಿಂದಲೇ ಸುಳ್ಳು ಕಲಿಸಿದ್ದರು. ದೊಡ್ಡವರು ಮಾಡಿದರೆಂದು ಸಣ್ಣವರ ತಪ್ಪು ಒಪ್ಪಾಗದು. ಅದೇ ತಪ್ಪು ಎಷ್ಟು ದೊಡ್ಡದಾಗಿ ಬೆಳೆಯಬಲ್ಲದು ಎಂಬುದು ಮಾತ್ರ ಅದರಿಂದ ತಿಳಿಯುತ್ತದೆ.

ನಮ್ಮ ಕಡೆಯೂ ಅದು ಬೆಳೆಯುತ್ತಿದೆ. ಡೀಸೆಲ್ ಗಾಡಿಗಳ ಮಸಿ ಸೋಸುವ ಫಿಲ್ಟರನ್ನೇ ಕಿತ್ತೆಸೆದು, ದೀಪ ಎಂದೂ ಹತ್ತದಂತೆ ಕಂಪ್ಯೂಟರಿನ ಲೆಕ್ಕವನ್ನೇ ತಿದ್ದಿಕೊಡುವವರು ಹುಟ್ಟಿಕೊಂಡಿದ್ದಾರೆ. ಆ ಫಿಲ್ಟರ್ ಕಟ್ಟುವುದಕ್ಕೆ ಮುಖ್ಯ ಕಾರಣ ಊರೊಳಗೆ ಒಂದೆರಡು ಕಿಲೋಮೀಟರಿನ ಓಡಾಟ. ಕಿತ್ತೂರಿನಿಂದ ಧಾರವಾಡದವರೆಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಅನೇಕ ಸಲ ಅದು ಒಳಗಿನ ಮಸಿಯನ್ನು ತಾನೇ ಸುಟ್ಟುಕೊಂಡು ಶುದ್ಧವಾಗುತ್ತದೆ. ಅಷ್ಟಕ್ಕೆ ಹೋಗುವುದನ್ನು ಬಿಟ್ಟು ಸಾವಿರಾರು ರೂಪಾಯಿ ಕೊಟ್ಟು ಅದನ್ನು ಕೀಳಿಸುವುದು, ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದು, ಶಾಲೆಗೆ ನಡೆದು ಹೋಗುವ ಮಕ್ಕಳ ಮುಖಕ್ಕೆ ಮಸಿ ಬಿಡುವುದು ಯಾವ ಜಾಣತನ?

ಎಲ್ಲಕ್ಕಿಂತ ಹೇಸಿಗೆಯದು ಹಳೆಯ ಕಾರು ಮಾರುವವರಲ್ಲಿ ಕೆಲವರು ಮಾಡುವ ಕೆಲಸ. ನನ್ನ ಹತ್ತಿರದ ಬಂಧುವೊಬ್ಬನಿಗೆ ಮಾರಲು ತಂದ ಕಾರನ್ನು ನಾನೂ ನೋಡಲು ಹೋಗಿದ್ದೆ. ಕೀಲಿ ತಿರುವಿ, ಎಂಜಿನ್ ಚಾಲೂ ಮಾಡದೆ ನಿಲ್ಲಿಸಲು ಹೇಳಿದೆ. ಆ ಗಳಿಗೆಯಲ್ಲಿ ಎಣ್ಣೆಯ ದೀಪ, ಬ್ಯಾಟರಿಯ ದೀಪ ಎಲ್ಲ ಹತ್ತಿದವು. ಎಂಜಿನ್ನಿನ ದೀಪ ಮಾತ್ರ ಹತ್ತಲಿಲ್ಲ. ಮಾರುವವ “ನೋಡ್ರಿ ಸರ, ಒಂದೂ ಕಂಪ್ಲೇಂಟ್ ಇಲ್ಲ” ಎಂದ. ಕಂಪ್ಲೇಂಟ್ ಹೇಳುವ ನಾಲಗೆಯನ್ನೇ ಕಿತ್ತಿದ್ದರು! ನೆನಪಿಡಿ: ಕೀಲಿ ತಿರುವಿದಾಗ ಆ ದೀಪ ಹತ್ತಲೇಬೇಕು, ಎಂಜಿನ್ ಚಾಲೂ ಆದಮೇಲೆ ಆರಬೇಕು. ಹತ್ತದ ದೀಪ ಆರದ ದೀಪಕ್ಕಿಂತ ಕೆಟ್ಟದ್ದು. ಕೊಳ್ಳುವ ದಿನ ಸ್ಕ್ಯಾನರ್ ಹಾಕಿಸಿದಾಗ ಕೋಡು ಇಲ್ಲವೆಂದು ಬಂದರೂ ನಂಬಬೇಡಿ. ಸ್ವಯಂಪರೀಕ್ಷೆಗಳು ಮುಗಿದಿವೆಯೇ ಎಂದು ಕೇಳಿ. ‘ಮುಗಿದಿಲ್ಲ’ ಎಂದು ತೋರಿಸಿದರೆ, ಯಾರೋ ನಿನ್ನೆ ಮೊನ್ನೆಯೇ ಅಳಿಸಿದ್ದಾರೆ ಎಂದು ಸಂಶಯಪಡಲೇಬೇಕು.

ಹಾಗಾದರೆ ದೀಪ ಹತ್ತಿದಾಗ ಮಾಡಬೇಕಾದದ್ದೇನು? ಬಣ್ಣವೇ ಮೊದಲ ಪಾಠ. ಎಂಜಿನ್ ಎಣ್ಣೆಯ ಒತ್ತಡದ ಕೆಂಪು ದೀಪವಾಗಲಿ ಉಷ್ಣತೆಯ ಕೆಂಪು ದೀಪವಾಗಲಿ ಹತ್ತಿದರೆ ‘ಮುನವಳ್ಳಿಯವರೆಗೆ ಹೋಗೋಣ’ ಎನ್ನಬೇಡಿ. ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಎಣ್ಣೆಯ ಒತ್ತಡವಿಲ್ಲದೆ ಓಡುವ ಎಂಜಿನ್ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಳ್ಳಬಲ್ಲದು. ಕಾದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಚ್ಚಬೇಡಿ. ಹಳದಿ ಎಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದು ಗಾಡಿಯ ನಡಿಗೆಯಲ್ಲಿ ಬದಲಾವಣೆ ಇಲ್ಲದಿದ್ದರೆ ಗಾಬರಿ ಬೇಡ. ನಿಧಾನವಾಗಿ ಊರು ಸೇರಿ, ಒಂದೆರಡು ದಿನಗಳಲ್ಲಿ ತೋರಿಸಿ. ಅದೇ ದೀಪ ಮಿಣುಕುತ್ತಾ ಗಾಡಿ ನಡುಗುತ್ತಿದ್ದರೆ ವೇಗ ಇಳಿಸಿ, ಏರು ಹತ್ತಿಸಬೇಡಿ, ಸಾಧ್ಯವಾದಷ್ಟು ಬೇಗ ನಿಲ್ಲಿಸಿ. ನನ್ನ ವಿದ್ಯಾರ್ಥಿಯ ಕನ್ವರ್ಟರ್ ಕರಗಿದ್ದು ಹಾಗೆ ಮಿಣುಕುತ್ತಿದ್ದಾಗಲೇ.

ಗ್ಯಾರೇಜಿಗೆ ಹೋದಾಗ ‘ಲೈಟ್ ತೆಗೀರಿ’ ಎನ್ನಬೇಡಿ. ‘ಕೋಡು ಓದಿ ಬರೆದುಕೊಡಿ’ ಎನ್ನಿ. ಬರೆದುಕೊಡದಿದ್ದರೆ ಮೊಬೈಲಿನಲ್ಲಿ ಅದರ ಚಿತ್ರವನ್ನಾದರೂ ತೆಗೆದುಕೊಳ್ಳಿ. ಯಾವ ಭಾಗವನ್ನು ಏಕೆ ಬದಲಿಸುತ್ತಾರೆ, ಯಾವ ಪರೀಕ್ಷೆಯಿಂದ ಅದೇ ಕೆಟ್ಟಿದೆಯೆಂದು ತಿಳಿಯಿತು ಎಂದು ಕೇಳಿ. ಅಳಿಸುವುದು ಕೊನೆಯ ಕೆಲಸ, ರಿಪೇರಿಯ ನಂತರದ ಕೆಲಸ. ದುಡ್ಡು ಕೊಟ್ಟು ಪಡೆಯುವ ಸೇವೆಯ ಬಗ್ಗೆ ತಿಳಿಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮಗೆ ಕೊಟ್ಟಿದೆ; ಕೇಳಲು ಸಂಕೋಚವೇಕೆ? ಕಂಪನಿಗಳನ್ನೂ ಕೇಳಬೇಕು. ಹತ್ತು ಲಕ್ಷ ಎಣಿಸಿಕೊಂಡು ಕಾರು ಕೊಡುವವರು ಅದರ ಕೈಪಿಡಿಯನ್ನು ಕನ್ನಡದಲ್ಲಿ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಓದಲಾಗದ ಭಾಷೆಯಲ್ಲಿ ಬರೆದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ನನ್ನ ಬಳಿ ಕಲಿತವರಲ್ಲಿ ಗ್ಯಾರೇಜ್ ನಡೆಸುವವರಿದ್ದೀರಿ, ಗಾಡಿ ಓಡಿಸುವವರಿದ್ದೀರಿ, ಹಳೆಯ ಕಾರುಗಳ ವ್ಯಾಪಾರ ಮಾಡುವವರೂ ಇದ್ದೀರಿ. ನಿಮ್ಮಲ್ಲಿ ನನ್ನದೊಂದೇ ಕೇಳಿಕೆ. ನಾಳೆ ಒಬ್ಬ ಗಿರಾಕಿ ಬಂದು ಲೈಟ್ ತೆಗೆಯಿರೆಂದರೆ, ಇನ್ನೂರು ರೂಪಾಯಿ ಬಿಟ್ಟರೂ ಚಿಂತೆಯಿಲ್ಲ, ಕೋಡನ್ನು ಒಂದು ಚೀಟಿಯ ಮೇಲೆ ಬರೆದು ಅವನ ಕೈಗಿಟ್ಟು, “ಇದನ್ನ ಮೊದಲ ಸರಿ ಮಾಡೋಣ್ರಿ” ಎನ್ನಿ. ಆ ಚೀಟಿ ಒಂದು ಮನೆಯ ಬೋರಮಾಳವನ್ನು ಉಳಿಸೀತು.